ಕೋಲಿಲ್ಲದ ಡೇರೆ

ಡೇರೆ ಬಂತು, ಕೋಲು ಬರಲಿಲ್ಲ. ಯಂಕಪ್ಪನ ಪಡಿಪಾಟಲಿಗೆಲ್ಲ ಮೂಲ ಇಷ್ಟೇ.

ಐಹೊಳೆಯ ಆಚೆ ಹೊಲವೊಂದರಲ್ಲಿ ಸಿಕ್ಕ ಹಳೆಯ ಶಾಸನದ ಕಲ್ಲಿಗೆ ಯಂಕಪ್ಪ ಕಾವಲುಗಾರ. ಹನ್ನೊಂದು ವರ್ಷದಿಂದ ಪುರಾತತ್ವ ಇಲಾಖೆಯ ದಿನಗೂಲಿ. ಯಾವ ರಾಜ ಯಾರಿಗೆ ಏನು ದಾನ ಕೊಟ್ಟನೆಂದು ಅದರಲ್ಲಿ ಬರೆದಿತ್ತೋ ಅವನಿಗೆ ತಿಳಿಯದು. ಆಡುಗಳು ಬಂದು ಮೈ ತಿಕ್ಕದಂತೆ, ಹೆಂಗಸರು ಅದರ ಮೇಲೆ ಅರಿವೆ ಒಣಹಾಕದಂತೆ ನೋಡಿಕೊಳ್ಳುವುದಷ್ಟೇ ತಿಳಿದಿತ್ತು. ಎಂಬತ್ಮೂರನೇ ಇಸವಿಯ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮೇಸ್ತ್ರಿ ಅಂದಪ್ಪ ಸೈಕಲ್ಲಿನಿಂದ ಇಳಿಯುತ್ತಲೇ ಹೇಳಿದ:

"ಯಂಕಪ್ಪಾ, ಇವತ್ತ ಮಧ್ಯಾಹ್ನ ದೊಡ್ಡ ಸಾಹೇಬ್ರು ಬರಾಕತ್ತಾರ. ನೀ ಜಾಗಾದಾಗ ಡೇರೆ ಹಾಕ್ಕೊಂಡು ಇದ್ದದ್ದು ಅವರ ಕಣ್ಣಿಗೆ ಬಿತ್ತಂದ್ರ ನಿನ್ನ ನೌಕರಿ ಖಾಯಂ ಅಂತ ತಿಳಕೋ."

ಹಾಗೆಂದು ಒಂದು ಚೀಲ ಎಸೆದ. ಚೀಲದಲ್ಲಿ ತೆಳ್ಳನೆಯ ನೈಲಾನ್ ಬಟ್ಟೆ, ಹಗ್ಗ, ನಾಲ್ಕು ಗೂಟ. ಎಲ್ಲ ಸೇರಿ ಒಂದು ಬುತ್ತಿಗಂಟಿನಷ್ಟೂ ಭಾರವಿರಲಿಲ್ಲ.

"ಕೋಲು ಎಲ್ಲಿ ಅದಾವ್ರಿ?"

"ಕೋಲು ಮುಂದಿನ ವರ್ಷ ಬರ್ತಾವ. ಈ ವರ್ಷ ಅರಿವಿ ಅಷ್ಟ ಮಂಜೂರಾಗೇತಿ."

ಸುತ್ತಲಿನ ಬಯಲಿನಲ್ಲಿ ಜಾಲಿಯ ಕಂಟಿ ಬಿಟ್ಟರೆ ಬೇರೆ ಗಿಡವಿಲ್ಲ. ಯಂಕಪ್ಪ ಗುಡ್ಡದ ಬುಡಕ್ಕೆ ಓಡಿದ. ಅಲ್ಲಿ ಶಾಬುದ್ದೀನ ಗುಡ್ಡದ ಮೇಲಿನ ಗುಡಿ ನೋಡಲು ಹತ್ತುವ ಮಂದಿಗೆ ಬಿದಿರಿನ ಅಗ್ಗದ ಊರುಗೋಲುಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಇದ್ದವು ಆರು, ಐದು ಆಗಲೇ ಗುಡ್ಡ ಹತ್ತಿದ್ದವು. ಉಳಿದ ಒಂದನ್ನು ಕೊಟ್ಟು, "ಮಂದಿ ಬಂದ್ರ ವಾಪಸ್ ತಗೋತೇನಿ ನೋಡಪಾ" ಎಂದ.

ಇನ್ನೊಂದು ಕೋಲು ಮನೆಯಲ್ಲೇ ಇತ್ತು. ತಾಯಿ ಬಾಳಮ್ಮ ಅದನ್ನು ಊರಿಕೊಂಡೇ ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ಓಡಾಡುತ್ತಿದ್ದಳು. ಯಂಕಪ್ಪ ಕೇಳಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತಿದ್ದಾಗ ಅವಳೇ ಮುಂದೆ ಚಾಚಿದಳು.

"ಒಯ್ಯೋ ಯಪ್ಪಾ. ಒಂದು ದಿನ ಕುಂತ್ರ ನಾ ಏನ್ ಸಾಯೂದಿಲ್ಲ. ನೀ ಖಾಯಂ ಆಗು."

ಎರಡು ಊರುಗೋಲಿನ ಮೇಲೆ ಡೇರೆ ಎದ್ದಿತು. ಬಿದಿರು ಉದ್ದ, ಬಾಳಮ್ಮನ ಕೋಲು ಗಿಡ್ಡ. ಹಾಗಾಗಿ ಡೇರೆ ಹಿಂಗಾಲು ಮುರಿದ ಎಮ್ಮೆಯಂತೆ ಕಾಣುತ್ತಿತ್ತು. ನೋಡಲು ಹೊಲಗಳಿಂದ ಮಂದಿ ಸೇರಿತು. ಒಬ್ಬ ಹಗ್ಗ ಬಿಗಿ ಮಾಡು ಎಂದ, ಮತ್ತೊಬ್ಬ ಸಡಿಲು ಬಿಡು ಎಂದ. ಮೂರನೆಯವನು ಬಗ್ಗಿ ಒಳಗೆ ನೋಡಿ, "ಹೆಣಾ ಇಡಾಕ ಅಳತಿ ಬರೋಬರಿ ಐತಿ ನೋಡ್ರಿ" ಎಂದ. ಎಲ್ಲರೂ ನಕ್ಕರು. ಯಂಕಪ್ಪನೂ ನಕ್ಕ, ಖಾಯಂ ಆಗುವವನಿಗೆ ಅಷ್ಟೂ ತಡೆದುಕೊಳ್ಳದಿದ್ದರೆ ಹೇಗೆ ಎಂದುಕೊಂಡು.

ಹನ್ನೆರಡಕ್ಕೆ ಪ್ರವಾಸಿಗರ ಬಸ್ಸು ಬಂತು. ಹಿಂದೆಯೇ ಶಾಬುದ್ದೀನ ಬಂದ.

"ದಪ್ಪ ಅಮ್ಮಾರೊಬ್ರು ಕೋಲಿಲ್ಲದೇ ಗುಡ್ಡ ಹತ್ತೂದಿಲ್ಲ ಅಂತ ಕುಂತಾರ. ಕೊಡು ಯಂಕಪ್ಪಾ. ನನಗೂ ಹೊಟ್ಟಿ ಐತಿ."

ಬಿದಿರು ಹೋಯಿತು. ಡೇರೆಯ ಮುಂಭಾಗ ಕುಸಿಯಿತು. ಯಂಕಪ್ಪ ಡೇರೆಯ ಬಾಯಲ್ಲಿ ಕೂತು ಒಂದು ಕೈಯಿಂದ ಬಟ್ಟೆ ಎತ್ತಿ ಹಿಡಿದ. ಕೈ ಸೋತರೆ ಇನ್ನೊಂದು ಕೈ.

ಒಂದು ತಾಸಾಗಿರಬೇಕು. ಪಕ್ಕದ ಮನೆಯ ಚಂದವ್ವ ಸೆರಗು ಹಾರಿಸುತ್ತ ಓಡಿ ಬಂದಳು.

"ಯಣ್ಣಾ, ನಿಮ್ಮವ್ವ ಬಿದ್ದಾಳ! ನಿನಗ ರೊಟ್ಟಿ ತರ್ತೇನಂತ ಎದ್ದು, ಗ್ವಾಡಿ ಹಿಡಕೊಂಡು ಬರಾಕ ಹೋಗಿ ಹೊಸ್ತಿಲದಾಗ ಬಿದ್ದಾಳ. ಕಾಲು ಮುರದೈತಿ. ಕಾಲಿಗೆ ಕೋಲು ಕಟ್ಟಿ ಗಾಡ್ಯಾಗ ದವಾಖಾನಿಗೆ ಒಯ್ತೇವಿ. ಆ ಕೋಲು ಕೊಡು ಮೊದಲ!"

ಯಂಕಪ್ಪ ಕೋಲು ಕಿತ್ತುಕೊಟ್ಟ. ಡೇರೆ ನೆಲಕ್ಕೆ ಮಲಗಿತು. ಅವನು ಚಂದವ್ವನ ಹಿಂದೆ ಹತ್ತು ಹೆಜ್ಜೆಯೂ ಓಡಿರಲಿಲ್ಲ, ಅಂದಪ್ಪ ಸೈಕಲ್ ಅಡ್ಡ ಹಾಕಿದ. ದೂರದ ದಾರಿಯಲ್ಲಿ ಜೀಪಿನ ಧೂಳು ಏಳುತ್ತಿತ್ತು.

"ಎಲ್ಲಿ ಹೊಂಟಿ? ಈಗ ಹೋದ್ರ ಹನ್ನೊಂದು ವರ್ಷ ಮಣ್ಣಾತು!"

"ನಮ್ಮವ್ವ ಬಿದ್ದಾಳ್ರಿ..."

"ನೀ ಹೋದ್ರ ಕಾಲು ಕೂಡತೈತೇನು? ಅವರು ಒಯ್ಯಾಕತ್ತಾರಲ್ಲ! ಅರ್ಧಾ ತಾಸಿನ ಮಾತು. ಒಳಗ ಹೋಗು, ಡೇರೆ ಎತ್ತಿ ಹಿಡಿ."

ಯಂಕಪ್ಪ ಒಳಗೆ ಹೋದ. ಆ ಅರ್ಧ ತಾಸಿನ ಪಾಡನ್ನು ಅವನು ಆಮೇಲೆ ಯಾರಿಗೂ ಹೇಳಲಿಲ್ಲ. ಮೊಣಕಾಲೂರಿ ಕೂತು, ಎರಡೂ ಕೈ ಚಾಚಿ, ತಲೆಯಿಂದ ಬಟ್ಟೆಯ ನಡುಭಾಗವನ್ನು ಎತ್ತಿ ಹಿಡಿದಿದ್ದ. ಒಳಗೆ ಬಾಣಲೆಯಂಥ ಕಾವು. ಬೆವರು ಕಣ್ಣಿಗಿಳಿದರೂ ಒರೆಸಲು ಕೈ ಇರಲಿಲ್ಲ. ಹೊರಗೆ ಜೀಪು ನಿಂತಿತು. ಅದರ ಹಿಂದೆ ಟ್ರ್ಯಾಕ್ಟರೂ ಬಂದ ಸದ್ದಾಯಿತು. ಹಾರೆಯ ಸದ್ದು, "ಹಿಡೀರಿ, ಎತ್ರಿ" ಎಂಬ ಕೂಗು, ಏನೋ ಧೊಪ್ಪನೆ ಬಿದ್ದ ಸದ್ದು. ತಪಾಸಣೆ ಜೋರಾಗಿಯೇ ನಡೆದಿದೆ ಎಂದುಕೊಂಡು ಯಂಕಪ್ಪ ಕೈಯನ್ನು ಇನ್ನಷ್ಟು ಮೇಲೆತ್ತಿದ.

ಕೊನೆಗೆ ಸಾಹೇಬರು ಬಗ್ಗಿ ಒಳಗೆ ಇಣುಕಿದರು. ನೋಡುತ್ತಲೇ ಅಲ್ಲಿಯೇ ಕೂತುಬಿಟ್ಟರು.

"ಕೋಲು ಎಲ್ಲಯ್ಯಾ?"

"ನಾನ ರಿ, ಸಾಹೇಬ್ರ."

ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಹೊರಗೆ ಬಾರಪ್ಪಾ, ಸಾಕು" ಎಂದರು.

ಯಂಕಪ್ಪ ಹೊರಬಂದ. ಕಲ್ಲು ಇರಲಿಲ್ಲ. ಅದಿದ್ದಲ್ಲಿ ಒಂದು ಗುಂಡಿ ಇತ್ತು. ಕಲ್ಲು ಟ್ರ್ಯಾಕ್ಟರಿನ ಹಿಂದಿನ ಡಬ್ಬಿಯಲ್ಲಿ ಹುಲ್ಲಿನ ಮೇಲೆ ಮಲಗಿ ಬಾದಾಮಿಯ ವಸ್ತುಸಂಗ್ರಹಾಲಯಕ್ಕೆ ಹೊರಟು ನಿಂತಿತ್ತು.

"ಖಾಯಂ ಮಾಡೂದು...?" ಎಂದ ಯಂಕಪ್ಪ.

"ಯಾರು ಹೇಳಿದರು? ನಾನು ಕಲ್ಲು ಒಯ್ಯೋಕೆ ಬಂದವನು."

ಅಂದಪ್ಪ ಸೈಕಲ್ಲಿನ ಗಂಟೆಯನ್ನು ಬೆರಳಿನಿಂದ ಒರೆಸುತ್ತ ನಿಂತಿದ್ದ. ಸಾಹೇಬರಿಗೆ ಮರುಕ ಬಂತು. ತುಸು ಯೋಚಿಸಿ, "ನಿನ್ನನ್ನು ಕೆಲಸದಿಂದ ಬಿಡಿಸೋದಿಲ್ಲ. ಡೇರೆ ಸರಕಾರಿ ಸಾಮಾನು. ಅದನ್ನು ವಾಪಸ್ ತರಿಸೋ ಆರ್ಡರ್ ಬರೋವರೆಗೂ ಯಾರಾದರೂ ಕಾಯಲೇಬೇಕಲ್ಲ. ನೀನೇ ಕಾಯಿ" ಎಂದರು.

"ಖಾಯಂ ಏನ್ರಿ?"

"ದಿನಗೂಲಿ."

ಯಂಕಪ್ಪ ಡೇರೆ ಸುತ್ತಿ ಬಗಲಿಗೆ ಏರಿಸಿದ. ಬಿಟ್ಟು ಹೋದರೆ ಕಾವಲು ತಪ್ಪುತ್ತದೆ. ಅದನ್ನು ಹೊತ್ತುಕೊಂಡೇ ಎರಡು ಹರದಾರಿ ಓಡಿ, ಹೊತ್ತು ಮುಳುಗುವ ಮೊದಲು ದವಾಖಾನೆ ಮುಟ್ಟಿದ. ಬಾಳಮ್ಮನನ್ನು ಪಡಸಾಲೆಯ ಬರಿ ನೆಲದ ಮೇಲೆ ಮಲಗಿಸಿದ್ದರು. ಅವನು ಡೇರೆಯನ್ನು ನಾಲ್ಕು ಮಡಿಕೆ ಮಾಡಿ, ಚಂದವ್ವನ ನೆರವಿನಿಂದ ತಾಯಿಯ ಮೈಯ ಕೆಳಗೆ ಮೆಲ್ಲಗೆ ಸರಿಸಿದ.

ಬಾಳಮ್ಮ ನೋವಿನಲ್ಲೇ ಕಣ್ಣು ತೆರೆದಳು. "ಖಾಯಂ ಆತೇನೋ ಯಪ್ಪಾ?"

"ಆತವ್ವಾ," ಎಂದ ಯಂಕಪ್ಪ. "ಖಾಯಂ ದಿನಗೂಲಿ."

ಅವಳಿಗೆ ಮೊದಲ ಮಾತಷ್ಟೇ ಕೇಳಿಸಿತು. "ಹಂಗಾರ ನಾ ಬಿದ್ದದ್ದಕ್ಕ ಬ್ಯಾಸರ ಇಲ್ಲ ಬಿಡು" ಎಂದು ಕಣ್ಣು ಮುಚ್ಚಿಕೊಂಡಳು. ಯಂಕಪ್ಪ ಅವಳ ತಲೆಯ ಬಳಿ ಕೂತು ಕಾವಲು ಶುರುಮಾಡಿದ.