ಹಿಂಡಿಯಲ್ಲ, ಇಂಡಿ

ನಮ್ಮ ಚಿಕ್ಕಪ್ಪನಷ್ಟು ಕೆಟ್ಟದಾಗಿ ಗಿಟಾರ್ ನುಡಿಸುವವರು ಇಡೀ ಚನ್ನಪಟ್ಟಣ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಇದನ್ನು ನಾನು ಬೈಗುಳವಾಗಿ ಹೇಳುತ್ತಿಲ್ಲ. ಅವರ ಎದುರಿಗೇ ಹೇಳಿದರೂ ಖುಷಿಪಡುತ್ತಾರೆ!

ವಾರಕ್ಕೆ ಆರು ದಿನ ಅವರು ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಏಳನೆಯ ದಿನ ಬೈರಾಪಟ್ಟಣದ ಮನೆಯ ಜಗಲಿಯಲ್ಲಿ ಇಂಡಿ ರಾಕ್. ಈ ಕಾಯಿಲೆ ಅಂಟಿದ್ದು ಬೆಂಗಳೂರಿನ ಫುಟ್‌ಪಾತಿನಲ್ಲಿ ಕೊಂಡ ಹಳೆಯ ಕ್ಯಾಸೆಟ್ಟಿನಿಂದಂತೆ. ಅದರಲ್ಲಿ ಹಾಡುವವನ ಗಂಟಲು ಒಡೆದಿತ್ತು, ಹಿಂದೆ ಯಾರೋ ಕೆಮ್ಮುತ್ತಿದ್ದರು. ಆ ಕೆಮ್ಮನ್ನು ತೆಗೆಯದೆ ಹಾಗೆಯೇ ಬಿಟ್ಟಿದ್ದಾರಲ್ಲ ಎಂದು ಚಿಕ್ಕಪ್ಪ ಮರುಳಾದರು. ಲೋಕವೆಲ್ಲ ಹಾಡಿಗೆ ಮನಸೋತರೆ ಇವರು ಕೆಮ್ಮಿಗೆ!

ಒಮ್ಮೆ ವಿರೂಪಾಕ್ಷಿಪುರದ ಬೀಗರೂಟದಲ್ಲಿ ಪಕ್ಕದಲ್ಲಿ ಕುಳಿತ ತಾತನೊಬ್ಬರು, ಅದೇನಪ್ಪಾ ನೀನು ಬಾರಿಸೋದು ಎಂದು ಕೇಳಿಬಿಟ್ಟರು. ಕೇಳಬಾರದಿತ್ತು. ಮೊದಲ ಮುದ್ದೆಗೆ ಇಂಗ್ಲೆಂಡ್ ಶುರುವಾಯಿತು.

"ದೊಡ್ಡ ರೆಕಾರ್ಡ್ ಕಂಪ್ನಿಯೋರು ಈ ಹಾಡೋ ಐಕ್ಳನ್ನ ಒಳೀಕ್ ಬುಡ್ನಿಲ್ಲ ಕಣ್ ತಾತ. ಇವ್ರು ಬಾಗ್ಲಲ್ಲಿ ಕಾಯ್ನೂ ಇಲ್ಲ. ತಾವೇ ಹಾಡಿ, ತಾವೇ ರೆಕಾರ್ಡ್ ಒತ್ತಿಸಿ, ತಾವೇ ಕವರ್ ಅಂಟಿಸಿ ಮಾರುದ್ರು. ಯಾರ ಅಂಗೂ ಇಲ್ದಂಗೆ ಮಾಡೋದೇ ಇಂಡಿ."

ಎರಡನೆಯ ಮುದ್ದೆಗೆ ಅಮೆರಿಕದ ಕಾಲೇಜು ರೇಡಿಯೋಗಳು ಬಂದವು. ಅನ್ನ ಬಡಿಸುವಷ್ಟರಲ್ಲಿ ಕ್ಯಾಸೆಟ್ ಹೋಗಿ ಸಿ.ಡಿ., ಸಿ.ಡಿ. ಹೋಗಿ ಮೊಬೈಲ್. ಕೊನೆಗೆ ಆ ದೊಡ್ಡ ಕಂಪನಿಗಳೇ ಇಂಡಿ ಎಂಬ ಚೀಟಿ ಅಂಟಿಸಿ ಮಾರತೊಡಗಿದವು ಎಂಬಲ್ಲಿಗೆ ಬಂದಾಗ ಚಿಕ್ಕಪ್ಪನ ದನಿ ಸಾವಿನ ಮನೆಗೆ ಹೋದವರ ದನಿಯಂತೆ ಇಳಿಯಿತು. ತಾತ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಎಲೆ ಮಡಚಿ, "ಎಲ್ಲಾ ಸರಿ ಕಣಪ್ಪ. ಕಡ್ಲೆಕಾಯಿ ಇಂಡಿಯೋ, ಅತ್ತಿಬೀಜದ್ದೋ?" ಎಂದರು.

ನಮ್ಮ ಕಡೆಯವರ ಬಾಯಲ್ಲಿ ಹಸುವಿಗೆ ಹಾಕುವ ಹಿಂಡಿಯೂ ಇಂಡಿಯೇ. ತಪ್ಪು ಯಾರದೆಂದು ಹೇಳಲಿ?

ಚಿಕ್ಕಪ್ಪನ ತಂಡದಲ್ಲಿ ಇನ್ನೊಬ್ಬರೇ ಇದ್ದರು: ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡುವ ಸಾಬರೊಬ್ಬರು, ಅವರ ಗೆಳೆಯ. ಬೊಂಬೆಗೆ ಹಚ್ಚುವ ಅರಗಿನ ಬಣ್ಣವನ್ನೇ ಹಚ್ಚಿ, ಕೆಂಪು ಹಳದಿ ಪಟ್ಟೆಯ ಡ್ರಮ್ ಕಡ್ಡಿಗಳನ್ನು ಅವರೇ ಕಡೆದುಕೊಂಡಿದ್ದರು. ಸ್ಟುಡಿಯೋ ಯಾವುದು? ಚಿಕ್ಕಮ್ಮನ ರೇಷ್ಮೆಹುಳದ ಮನೆ. ಅಲ್ಲಿ ಸದ್ದು ಗೋಡೆಗೆ ಬಡಿದು ತಿರುಗಿ ಬರುವುದಿಲ್ಲವಂತೆ. ಕೈಕಾಲು ತೊಳೆಯದೆ ಹೊಸಿಲು ದಾಟಿದರೆ ಡ್ರಮ್ಮನ್ನು ಒಲೆಗೆ ಹಾಕುವುದಾಗಿ ಚಿಕ್ಕಮ್ಮ ಎಚ್ಚರಿಸಿದ್ದರು. ಮೊದಲ ಹಾಡು ಕೇಳಿದ ಕಾರ್ಖಾನೆಯ ಸಹೋದ್ಯೋಗಿಯೊಬ್ಬರು, ಗಿಟಾರ್ ಹೋಗಲಿ, ಹಿಂದೆ ಮಳೆ ಬಂದಂತೆ ಕೇಳಿಸುತ್ತದಲ್ಲ, ಅದು ಬಲು ಚೆನ್ನಾಗಿದೆ ಎಂದರಂತೆ. ಅದು ಹುಳುಗಳು ಸೊಪ್ಪು ತಿನ್ನುತ್ತಿದ್ದ ಸದ್ದು!

ಎರಡನೆಯ ಹಾಡಿಗೆ ಚಿಕ್ಕಪ್ಪ ನನ್ನನ್ನು ಕರೆದರು.

ಆಗ ನಾನು ಪಿಯುಸಿ ಓದುವ ಹುಡುಗಿ. ನನಗೆ ಮಾತು ತಡವರಿಸುತ್ತಿತ್ತು, ಈಗಲೂ ತಡವರಿಸುತ್ತದೆ. ತರಗತಿಯಲ್ಲಿ ಹಾಜರಿ ಕರೆದರೆ ಕೈಯೆತ್ತಿ ಸುಮ್ಮನಾಗುತ್ತಿದ್ದೆ. ಹಾಡಲು ಒಳ್ಳೆಯ ಗಂಟಲಿನವರನ್ನು ಹುಡುಕಿ ಎಂದೆ.

"ಒಳ್ಳೆ ಗಂಟ್ಲು ಬೇಕಾದ್ರೆ ಅಂಗ್ಡೀಲಿ ಸಿಗ್ತದೆ ಮಗ. ನಂಗ್ ಬೇಕಾಗಿರೋದು ನಿಂದು."

ಅವರದೊಂದು ಹಟವಿತ್ತು: ಒಮ್ಮೆ ದಾಖಲಾದದ್ದನ್ನು ಅಳಿಸಬಾರದು. ನಾನೂ ಡ್ರಮ್ಮೂ ಒಂದು ಮೊಬೈಲಿನಲ್ಲಿ, ಗಿಟಾರ್ ಇನ್ನೊಂದರಲ್ಲಿ ದಾಖಲಾಗಿ, ಆಮೇಲೆ ಎರಡನ್ನೂ ಜೋಡಿಸುವುದು. ಎರಡನೆಯ ಸಾಲಿನ 'ಮಣ್ಣು' ಎಂಬಲ್ಲಿ ನಾನು ಸಿಕ್ಕಿಕೊಂಡೆ. ಮ... ಮ... ಮ... ಗಿಟಾರ್ ಮುಂದೆ ಓಡಿತು. ನಾನು ಹೇಗೋ ಸೇರಿಕೊಂಡು ಹಾಡು ಮುಗಿಸಿದೆ. ಅಳಿಸಿ, ಇನ್ನೊಮ್ಮೆ ಹಾಡುತ್ತೇನೆ ಎಂದು ಅತ್ತೆ. ಚಿಕ್ಕಪ್ಪ ಒಪ್ಪಲಿಲ್ಲ. ಸಿಟ್ಟಿನಲ್ಲಿ ಮನೆಗೆ ಬಂದು ಆ ಹಾಡನ್ನು ಜನ್ಮದಲ್ಲಿ ಕೇಳುವುದಿಲ್ಲ ಎಂದುಕೊಂಡೆ, ಕೇಳಲೂ ಇಲ್ಲ. ಆದರೆ ಅವರು ಅದನ್ನು ಇಂಟರ್ನೆಟ್ಟಿಗೆ ಹಾಕಿದ ಮೇಲೆ ಕಾಲೇಜಿನಲ್ಲಿ ಯಾರೂ ನಗಲಿಲ್ಲ. ಆ ಮ-ಮ-ಮ ಯಾರು ಕಟ್ಟಿದ್ದು, ಬಲು ಸೊಗಸಾಗಿದೆ ಎಂದು ಗೆಳತಿಯರು ಕೇಳಿದರು. ಮಾರನೆಯ ದಿನ ಹಾಜರಿಗೆ ಬಾಯಿಬಿಟ್ಟೇ ಉತ್ತರಿಸಿದೆ, ತಡವರಿಸಿಯೇ. ಇವತ್ತು ಮಾಗಡಿಯ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ.

ಹೋದ ತಿಂಗಳು ಚಿಕ್ಕಮ್ಮನ ಜೊತೆ ಸೊಪ್ಪು ಬಿಡಿಸುತ್ತ, ನಿಮ್ಮ ಯಜಮಾನರು ಅವತ್ತು ಎಷ್ಟು ಹಟ ಮಾಡಿದರು ಎಂದು ನಕ್ಕೆ.

"ಅಟ ಅಲ್ಲ ಕಣವ್ವ," ಎಂದರು ಚಿಕ್ಕಮ್ಮ. "ನೀನ್ ಎದ್ದೋದ್ಮೇಲೆ ಕೆಲ್ಸಕ್ಕೆ ಮೂರ್ ದಿನ ರಜಾ ಆಕಿ, ತಮ್ ಗಿಟಾರ್ ಅಳಿಸಿ ಅಳಿಸಿ ಇನ್ನೊಂದ್ಸಲ ಬಾರ್ಸುದ್ರು. ನೀನ್ ನಿಂತ್ಕಡೆ ತಾವೂ ನಿಂತ್ರೆ ಅದು ತಪ್ಪು ಅನ್ಸಕಿಲ್ಲ ಅಂತ."

ಅಂದೇ ಮೊದಲ ಸಲ ಹಾಡು ಕೇಳಿದೆ. ನಾನು ಸಿಕ್ಕಿಕೊಳ್ಳುವಲ್ಲಿ ಗಿಟಾರೂ ಸಿಕ್ಕಿಕೊಳ್ಳುತ್ತದೆ, ಅಷ್ಟೇ ಸಲ, ಅಷ್ಟೇ ಹೊತ್ತು.

ಹಾರೋಹಳ್ಳಿಯ ಕಾರ್ಖಾನೆಯಲ್ಲಿದ್ದ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಥ್ಯಾಂಕ್ಸ್ ಎನ್ನಬೇಕೆಂದಿದ್ದೆ, ಮೊದಲ ಅಕ್ಷರವೇ ಹೊರಡಲಿಲ್ಲ. ಆ ಕಡೆ ಯಂತ್ರಗಳ ಸದ್ದು. ಚಿಕ್ಕಪ್ಪ ಏನಾಯಿತೆಂದು ಕೇಳಲಿಲ್ಲ, ನನ್ನ ಮಾತನ್ನು ತಾವೇ ಮುಗಿಸಲೂ ಇಲ್ಲ. ಕಾಯುತ್ತಿದ್ದರು.