ಅರಿಶಿನ ಹಚ್ಚಿದ ಬಯೋಡೇಟಾ

ಕೆಲಸ ಕೊಡಿಸುವುದು ಎಷ್ಟು ಸುಲಭವೆಂದು ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನ್ನೊಬ್ಬನನ್ನು ಬಿಟ್ಟು!

ನಾನು ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದು, ಬೊಂಬು ಹೊತ್ತು, ಹಗ್ಗ ಬಿಗಿದು, ಮಾಸ್ತಿಯಲ್ಲಿ ಸ್ವಂತ ಶಾಮಿಯಾನದ ಅಂಗಡಿ ಇಟ್ಟವನು. ಮಾಲೂರಿನಿಂದ ಶ್ರೀನಿವಾಸಪುರದವರೆಗೆ ನನ್ನ ಕುರ್ಚಿಯಲ್ಲಿ ಕೂರದ ಮನುಷ್ಯನಿದ್ದರೆ, ಅವನು ಮದುವೆಗಳಲ್ಲಿ ನಿಂತೇ ಊಟ ಮಾಡಿರಬೇಕು.

ಮಗಳು ಚೈತ್ರ ಕಂಪ್ಯೂಟರ್ ಇಂಜಿನಿಯರಿಂಗ್ ಮುಗಿಸಿ ಮನೆಯಲ್ಲಿದ್ದಳು. ಫೋನಿನಲ್ಲಿ ಅರ್ಜಿ ಹಾಕುವುದು, ಉತ್ತರ ಕಾಯುವುದು. ಬರಬರುತ್ತಾ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಅದನ್ನು ನೋಡಲಾಗಲಿಲ್ಲ ನನಗೆ.

"ಫೋನು ತಿಕ್ಕಿದ್ರೆ ಯಾರಮ್ಮ ಕೆಲಸ ಕೊಡ್ತಾರೆ? ಜನ ಗೊತ್ತಿರಬೇಕು, ಜನ! ತತ್ತಾ ನಿನ್ನ ಬಯೋಡೇಟಾ."

ಕೊಟ್ಟಳು. ಬಿಳಿ ಹಾಳೆ, ಕರಿ ಅಕ್ಷರ. ಥೇಟು ತಿಥಿ ಕಾರ್ಡು! ರೇಷ್ಮೆ ಸೀರೆ ಉಟ್ಟ ಅವಳ ಫೋಟೋ ಅಂಟಿಸಿ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿದೆ. ಶುಭಕಾರ್ಯವಲ್ಲವೇ?

"ರೀ, ಇದೇನ್ರೀ ಅವತಾರ?" ಅಂದಳು ಹೆಂಡತಿ ಸರೋಜ.

"ಸುಮ್ನಿರೇ, ನಿಂಗೆ ವ್ಯವಹಾರ ಗೊತ್ತಾಗಲ್ಲ."

ಮುಂದಿನ ಮದುವೆ ದೇವರಾಯಸಮುದ್ರದಲ್ಲಿ. ಕೆರೆ ಕಡೆಯಿಂದ ಗಾಳಿ ಬೀಸಿ ಶಾಮಿಯಾನದ ಬಟ್ಟೆ ಉಬ್ಬಿತು. ಅದರ ಕೆಳಗೆ ಹಗ್ಗ ಹಿಡಿದು ನಿಂತಿದ್ದ ನನ್ನ ಕಣ್ಣಿಗೆ ಬಣ್ಣದ ಬೆಳಕೆಲ್ಲ ಸೇರಿ ಗಾಜಿನ ಆಫೀಸಾಯಿತು. ನಡುವೆ ಚೈತ್ರ, ಸುತ್ತುವ ಕುರ್ಚಿಯಲ್ಲಿ! ಮೆಲ್ಲಗೆ ಒಂದು ಸುತ್ತು, ಇನ್ನೊಂದು ಸುತ್ತು...

"ಅಣ್ಣೋ, ಹಗ್ಗ!" ಯಾರೋ ಕೂಗಿದರು. ಶಾಮಿಯಾನ ಪುರೋಹಿತರ ಮೇಲೆ ಕೂತಿತ್ತು.

ಪುರೋಹಿತರನ್ನು ಹೊರತೆಗೆದು, ಸೀದಾ ರಂಗಪ್ಪನವರ ಹತ್ತಿರ ಹೋದೆ. ಅದೇ ಊರಿನ ದೊಡ್ಡ ಮನುಷ್ಯರು. ಮಗ ನವೀನ ನರಸಾಪುರದ ಕಂಪನಿಯಲ್ಲಿ ಸಾಫ್ಟ್‌ವೇರ್ ಇಂಜಿನಿಯರು. ದೊಡ್ಡವರನ್ನು ಬಾಯಿಬಿಟ್ಟು ಕೇಳುವುದು ಮರ್ಯಾದೆಯಲ್ಲ. ಎಲೆ-ಅಡಿಕೆಯ ಮೇಲೆ ಬಯೋಡೇಟಾ ಇಟ್ಟು ಕೈಮುಗಿದೆ. ಅವರು ಫೋಟೋ ನೋಡಿದರು, ಅರಿಶಿನ ನೋಡಿದರು, ಕಣ್ಣಿಗೊತ್ತಿಕೊಂಡರು.

"ಭಾನುವಾರ ನಾವೇ ಬರ್ತೀವಿ."

ನೋಡಿದಿರಾ? ಕಂಪನಿಯೇ ಮನೆಗೆ ಬರುತ್ತದೆ!

ಭಾನುವಾರ ಕಾರು ಬಂತು. ರಂಗಪ್ಪ, ಅವರ ಹೆಂಡತಿ, ನವೀನ. ಜೊತೆಗೆ ತಟ್ಟೆ ತುಂಬ ಹೂವು, ಹಣ್ಣು.

ಸರೋಜ ನನ್ನನ್ನು ಅಡುಗೆಮನೆಗೆ ಎಳೆದಳು. "ರೀ, ಅವ್ರು ಹೆಣ್ಣು ನೋಡಾಕೆ ಬಂದವ್ರೆ!"

ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ಇಟ್ಟು ಹಜಾರಕ್ಕೆ ಓಡಿದೆ.

ಅಲ್ಲಿ ರಂಗಪ್ಪನವರ ಹೆಂಡತಿ ಆಗಲೇ ಶುರು ಮಾಡಿದ್ದರು. "ಹಾಡು ಹೇಳ್ತೀಯೇನಮ್ಮ?"

ಚೈತ್ರ ನನ್ನ ಕಡೆ ನೋಡಿದ ನೋಟಕ್ಕೆ ಬೊಂಬೂ ಸೀಳುತ್ತಿತ್ತು. "ಇಲ್ಲಾಂಟಿ. ಪ್ರೋಗ್ರಾಂ ಬರೀತೀನಿ. ನಂಗೆ ಬೇಕಿದ್ದು ಕೆಲಸ. ಅಪ್ಪ ಅದನ್ನ ಕೇಳಲೇ ಇಲ್ವಾ?"

ಎಲ್ಲರೂ ನನ್ನನ್ನು ನೋಡಿದರು. ನಾನು ಫ್ಯಾನು ನೋಡಿದೆ.

ಅಲ್ಲಿಯವರೆಗೆ ತಲೆ ತಗ್ಗಿಸಿದ್ದ ನವೀನ ಮಾತ್ರ ತಂದೆಯ ಕೈಯಲ್ಲಿದ್ದ ಆ ಅರಿಶಿನದ ಹಾಳೆಯನ್ನು ತೆಗೆದುಕೊಂಡು ಮೊದಲ ಸಲ ಓದತೊಡಗಿದ. "ಈ ಪ್ರಾಜೆಕ್ಟ್ ನೀವೇ ಮಾಡಿದ್ದಾ?" ಅಂದ. ಇವಳು ಹೌದೆಂದಳು. ಅವನು ಒಂದು ಕೇಳಿದ, ಇವಳು ಎರಡು ಹೇಳಿದಳು. ಕಾಫಿ ಆರಿತು. ನನಗೊಂದು ಪದವೂ ಅರ್ಥವಾಗಲಿಲ್ಲ. ಆದರೆ ಮಗಳ ಮುಖ ಅರಳಿದ್ದು ಅರ್ಥವಾಯಿತು.

"ನಮ್ಮ ಟೀಮಲ್ಲಿ ಒಂದು ಜಾಗ ಖಾಲಿ ಇದೆ. ನಾನು ನಿಮ್ಮ ಹೆಸರು ಹೇಳ್ತೀನಿ," ಅಂದವನು, ಧೈರ್ಯ ಬಂದಂತೆ ತಂದೆಯತ್ತ ತಿರುಗಿದ. "ಅಪ್ಪಾ, ಇನ್ನೊಂದು ವಿಷಯ. ನಾನು ಆಫೀಸಲ್ಲೇ ಒಬ್ಬಳನ್ನ ಒಪ್ಪಿದೀನಿ."

"ಅಯ್ಯೋ ದೇವುಡಾ!" ಎಂದು ಅವನ ತಾಯಿ ಹೂವಿನ ತಟ್ಟೆ ಎತ್ತಿಕೊಂಡರು.

ಇಂಟರ್ವ್ಯೂ ಆಯಿತು, ಚೈತ್ರಳಿಗೆ ಕೆಲಸ ಸಿಕ್ಕಿತು! ಈಗ ಕಂಪನಿ ಬಸ್ಸಿನಲ್ಲಿ ನರಸಾಪುರಕ್ಕೆ ಹೋಗುತ್ತಾಳೆ. ಕುರ್ಚಿ ಸುತ್ತುತ್ತದೆಯಂತೆ, ಕೇಳಿ ತಿಳಿದುಕೊಂಡಿದ್ದೇನೆ. ನಾನು ಹೇಳಲಿಲ್ಲವೇ, ಜನ ಗೊತ್ತಿರಬೇಕೆಂದು?

ಆಫೀಸಿನ ಆ ಹುಡುಗಿಯ ಜೊತೆಗೇ ನವೀನನ ಮದುವೆಯೂ ಗೊತ್ತಾಯಿತು. ಶಾಮಿಯಾನಕ್ಕೆ ಹೇಳಿಕಳಿಸುತ್ತಾರೆಂದು ಬೊಂಬು ಒರೆಸಿ ಕಾದೆ. ರಂಗಪ್ಪ ಹೇಳಿಕಳಿಸಿದ್ದೇ ಬೇರೆ: "ಹೆಣ್ಣು ತೋರಿಸ್ತೀನಂತ ಕರೆದು ಕೆಲಸ ಕಿತ್ಕೊಂಡೋನ ಶಾಮಿಯಾನ ನಂಗ್ಯಾಕೆ?"

ಆದರೂ ಚೈತ್ರಳ ಟೀಮಿನವನ ಮದುವೆಯೆಂದು ಮನೆಮಂದಿಯೆಲ್ಲ ಹೋದೆವು. ಜೀವನದಲ್ಲಿ ಮೊದಲ ಸಲ ಇನ್ನೊಬ್ಬನ ಶಾಮಿಯಾನದ ಕೆಳಗೆ, ಇನ್ನೊಬ್ಬನ ಕುರ್ಚಿಯಲ್ಲಿ ಕೂತೆ.

ಹೇಳಬಾರದು, ನನ್ನದಕ್ಕಿಂತ ಮೆತ್ತಗಿತ್ತು!