ಸಮಾಧಾನ ಹೇಳಲು ಬಾರದ ನಮ್ಮಕ್ಕ

ಮೊಮ್ಮಗಳು ಮನೆಗೆ ಬಂದಳು! ಇದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಒಂದು ಸಾಲನ್ನೂ ಬರೆಯಲಾರೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಅಂಗೈಯಗಲದ ಕೂಸು, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿ ಮಲಗಿಯೇ ಬೆಳೆದು, ಇವತ್ತು ಬೆಳಿಗ್ಗೆ ಆಟೋದಲ್ಲಿ ಗೋಪಾಳದ ನಮ್ಮ ಮನೆಗೆ ಬಂದಿಳಿದಿದ್ದಾಳೆ. ಸಂಭ್ರಮದಲ್ಲಿ ನನ್ನ ಕೈಯ ಆರತಿ ತಟ್ಟೆ ವಾಲಿ, ಕುಂಕುಮದ ನೀರೆಲ್ಲ ಆಟೋದವನ ಅಂಗಿಯ ಮೇಲೆ! ಅವನಾದರೂ ಬೈದನೇ? "ಇರ್ಲಿ ಬಿಡಿ ಅಜ್ಜಿ, ನಂಗೂ ಆರತಿ ಆಯ್ತು" ಅಂದ.

ಈ ಸಂತೋಷದಲ್ಲಿ ನಮ್ಮಕ್ಕನ ವಿಷಯ ಬರೆಯದಿದ್ದರೆ ತಪ್ಪಾಗುತ್ತದೆ. ಬರೆದರೆ ಅವಳು ನನ್ನನ್ನು ಸುಮ್ಮನೆ ಬಿಡುವುದಿಲ್ಲ, ಅದು ಬೇರೆ ಮಾತು. ನೋಡಿ, ಸಮಾಧಾನ ಹೇಳುವುದರಲ್ಲಿ ಭದ್ರಾವತಿಯ ಈ ನನ್ನ ಅಕ್ಕನಷ್ಟು ದಡ್ಡರು ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ! ಕಷ್ಟ ಬಂದವರ ಮನೆಗೆ ನಾವೆಲ್ಲ ಹೇಗೆ ಹೋಗುತ್ತೇವೆ? ಬಾಳೆಹಣ್ಣು, ಬ್ರೆಡ್ಡು ಹಿಡಿದು ಹೋಗುತ್ತೇವೆ. ಮುಖ ಸಣ್ಣದು ಮಾಡಿಕೊಂಡು "ಎಲ್ಲಾ ಸರಿಹೋಗುತ್ತೆ" ಅನ್ನುತ್ತೇವೆ. ಕಾಫಿ ಕುಡಿದು ಬಸ್ಸು ಹತ್ತುತ್ತೇವೆ. ಅಕ್ಕ ಒಂದು ಚೀಲ ಕೆಲಸ ಹೊತ್ತುಕೊಂಡು ಹೋಗುತ್ತಾಳೆ! ಬೇಸಿಗೆಯಾದರೆ ಬೀಜ ತೆಗೆಯದ ಹುಣಸೆಹಣ್ಣು, ಚಳಿಗಾಲವಾದರೆ ಅವರೆಕಾಯಿ, ಏನೂ ಇಲ್ಲದಿದ್ದರೆ ಗಾಂಧಿ ಬಜಾರಿನ ಬೆಳ್ಳುಳ್ಳಿ. ಹಳೇ ಪೇಪರು ಹಾಸಿ, ಚೀಲ ಸುರಿದು, ಅಳುತ್ತಿರುವವರನ್ನೇ ಕರೆಯುತ್ತಾಳೆ: "ಬಾರೇ, ಒಂದು ಕೈ ಹಾಕು. ನಂಗೊಬ್ಬಳಿಗೇ ಮುಗಿಯಲ್ಲ."

ಅವಳ ಪಕ್ಕದ ಮನೆಯಲ್ಲಿ ತಮಿಳು ಮಾತಾಡುವ ಗಂಡ ಹೆಂಡತಿ ಇದ್ದಾರೆ. ಆತನಿಗೆ ಕಾರ್ಖಾನೆಯ ಗುತ್ತಿಗೆ ಕೆಲಸ ಹೋಯಿತು. ಬಾಗಿಲು ಹಾಕಿಕೊಂಡು ಕೂತುಬಿಟ್ಟ. ಅಕ್ಕ ಬಾಗಿಲು ಬಡಿದು ಒಳಗೆ ನುಗ್ಗಿ ಹುಣಸೆಹಣ್ಣು ಸುರಿದಳು. ಪಾಪ, ಇಬ್ಬರೂ ಸಂಜೆಯತನಕ ಬೀಜ ತೆಗೆದರು. ಕೊನೆಗೆ ಆತ ರೇಗಿದ: "ಏನಕ್ಕಾ ಇದು! ಕೆಲ್ಸ ಹೋದವನಿಗೆ ಕೂಲಿ ಇಲ್ಲದ ಕೆಲ್ಸ ಕೊಡ್ತೀರಲ್ಲ!"

"ಹೊಸಬ ಅಲ್ವಾ ನೀನು, ಮೊದಲು ಕೆಲ್ಸ ಕಲಿ. ಕೂಲಿ ಆಮೇಲೆ!" ಅಂದಳು ಅಕ್ಕ.

ಹೆಂಡತಿ ಕಿಸಕ್ಕನೆ ನಕ್ಕಳು, ಗಂಡನೂ ನಕ್ಕ. ಆ ಮನೆಯಲ್ಲಿ ನಗು ಕೇಳಿ ಎದುರುಮನೆಯವರು ಗಾಬರಿಯಿಂದ ಓಡಿಬಂದರು. ಅವರಿಗೂ ಒಂದೊಂದು ಹಿಡಿ ಹುಣಸೆಹಣ್ಣು!

ಎಡವಟ್ಟುಗಳೂ ಆಗಿವೆ. ಹೊಳಲೂರಿನಲ್ಲಿ ನಮ್ಮ ದೂರದ ನೆಂಟರೊಬ್ಬರು ತೀರಿಕೊಂಡರು. ಅಕ್ಕ ಬೆಳ್ಳುಳ್ಳಿ ಚೀಲ ಹೊತ್ತು ಹೋದಳು. ಒಂದು ಮನೆಯ ಮುಂದೆ ಹೆಂಗಸರೆಲ್ಲ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಇದೇ ಮನೆ ಎಂದು ನಡುವೆ ಕೂತು ಬಿಡಿಸತೊಡಗಿದಳು. ಅದು ನಿಶ್ಚಿತಾರ್ಥದ ಮನೆ, ಅವರು ಈರುಳ್ಳಿ ಹೆಚ್ಚುತ್ತಿದ್ದರು! ಅವರೋ ಇವಳನ್ನು ಗಂಡಿನ ಕಡೆಯವಳು ಎಂದುಕೊಂಡು ಉಪಚಾರ ಮಾಡಿದ್ದೇ ಮಾಡಿದ್ದು. ಗೊತ್ತಾದ ಮೇಲಾದರೂ ಎದ್ದಳೇ? ಹೋಳಿಗೆ ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡು, ಕೆಂಪು ಬಾಯಿಯಲ್ಲಿ ಪಕ್ಕದ ಬೀದಿಯ ಸಾವಿನ ಮನೆಗೆ ಹೋದಳು!

ಇಂಥವಳು ನನ್ನ ಮಗಳ ಹೆರಿಗೆಯಾದ ಸುದ್ದಿ ಕೇಳಿ ಆಸ್ಪತ್ರೆಗೆ ಬಾರದಿರುತ್ತಾಳೆಯೇ? ಬಂದಳು, ಒಂದು ಚೀಲ ಅವರೆಕಾಯಿಯ ಸಮೇತ. ನಮ್ಮ ಯಜಮಾನರು ತಲೆ ಚಚ್ಚಿಕೊಂಡರು. "ಅತ್ತಿಗೆ, ಇದು ಆಸ್ಪತ್ರೆ, ಸಂತೆ ಅಲ್ಲ!"

ನನಗೆ ನಗುವ ಶಕ್ತಿ ಇರಲಿಲ್ಲ. ಕೂಸು ಉಳಿಯುತ್ತದೋ ಇಲ್ಲವೋ ಎಂದು ಡಾಕ್ಟರೇ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಗಳು "ನಾನೇ ಸರಿಯಾಗಿ ಹೊರಲಿಲ್ಲಮ್ಮ" ಎಂದವಳು, ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಿದ್ದಳು. ಮಾತಿಲ್ಲ, ಊಟವಿಲ್ಲ. ಬಂದವರೆಲ್ಲ ಸರಿಹೋಗುತ್ತೆ, ಸರಿಹೋಗುತ್ತೆ ಎಂದು ಹೇಳಿಹೋದಷ್ಟೂ ಅವಳು ಗೋಡೆಗೆ ಇನ್ನಷ್ಟು ಅಂಟಿಕೊಳ್ಳುತ್ತಿದ್ದಳು. ಒಳಗೆ ಕೂಸು ಒಂದು ಪೆಟ್ಟಿಗೆಯಲ್ಲಿ, ಹೊರಗೆ ನನ್ನ ಕೂಸು ಇನ್ನೊಂದು ಪೆಟ್ಟಿಗೆಯಲ್ಲಿ.

ನಾನು ಅಕ್ಕನನ್ನು ಪಕ್ಕಕ್ಕೆ ಕರೆದೆ. "ನೀನಾದ್ರೂ ಒಂದು ಧೈರ್ಯದ ಮಾತು ಹೇಳೇ."

"ನಾನೇನು ಡಾಕ್ಟರಾ? ಸರಿಹೋಗುತ್ತೋ ಇಲ್ವೋ ನಂಗೇನೇ ಗೊತ್ತು? ಜೊತೆಗೆ ಕೂತ್ಕೊಳ್ಳೋದು ಗೊತ್ತು, ಕೂತ್ಕೋತೀನಿ."

ವಾರ್ಡಿನ ಹೊರಗೆ ಪೇಪರು ಹಾಸಿದ್ದೇ ತಡ, ಸೆಕ್ಯೂರಿಟಿ ಹೆಂಗಸು ಬಂದಳು. "ಅಜ್ಜೀ, ಇಲ್ಲಿ ತರಕಾರಿ ಬಿಡಿಸೋ ಹಂಗಿಲ್ಲ!"

"ಮತ್ತೆಲ್ಲಿ ಬಿಡಿಸ್ಲಿ? ಜಾಗ ತೋರ್ಸು ಮಾರಾಯ್ತಿ."

ಆಕೆ ಗೊಣಗುತ್ತ ಅಂಗಳದ ಕಲ್ಲುಬೆಂಚು ತೋರಿಸಿದಳು. ಅಕ್ಕ ಮಗಳ ರಟ್ಟೆ ಹಿಡಿದಳು. "ಏಳೇ, ಒಂದು ಗಳಿಗೆ ಬಿಸಿಲಿಗೆ ಬಾ. ಅಳೋದಾದ್ರೆ ಅಲ್ಲೇ ಅಳು, ಕೈ ಮಾತ್ರ ಖಾಲಿ ಇಟ್ಕೋಬೇಡ."

ಮಗಳು ಬಂದಳು. ಯಾಕೆ ಬಂದಳೋ ದೇವರೇ ಬಲ್ಲ. ಒಂದು ಕಾಯಿ ಸುಲಿದಳು, ಇನ್ನೊಂದು ಸುಲಿದಳು. ಬೆಂಚಿನ ಆ ತುದಿಯಲ್ಲಿ ಸೊರಬದ ಕಡೆಯ ಬಾಣಂತಿಯೊಬ್ಬಳು ಒಬ್ಬಳೇ ಕೂತಿದ್ದಳು. ಯಾರೂ ಕರೆಯದಿದ್ದರೂ ಸರಿದು ಬಂದು ಒಂದು ಹಿಡಿ ತೆಗೆದುಕೊಂಡಳು. ಸುಲಿಯುತ್ತಾ, ತಲೆ ಎತ್ತದೆ ಹೇಳಿದಳು: "ನಂದೂ ಪೆಟ್ಟಿಗೇಲಿದೆ."

ಮಗಳ ಕೈ ನಿಂತಿತು. "ಹೆಣ್ಣಾ, ಗಂಡಾ?" ಎಂದು ಕೇಳಿದಳು.

ಗೋಡೆಗೆ ತಿರುಗಿ ಮಲಗಿದ ಮೇಲೆ ಅವಳು ಬಾಯಿಬಿಟ್ಟ ಮೊದಲ ಮಾತು ಅದು! ನಾನು ಕಂಬದ ಹಿಂದೆ ಹೋಗಿ ಅತ್ತು ಬಂದೆ. ಮುಂದೆ ದಿನವೂ ಆ ಬೆಂಚು ತುಂಬುತ್ತಿತ್ತು. ಗಾಜಿನ ಪೆಟ್ಟಿಗೆಗಳ ತಾಯಂದಿರೆಲ್ಲ ಅಲ್ಲೇ. ಯಾರ ಮಗು ಹಾಲು ಕುಡಿಯಿತು, ಯಾರದು ಕಣ್ಣುಬಿಟ್ಟಿತು, ಎಲ್ಲ ಸುದ್ದಿ ಅಲ್ಲೇ. ಆ ಸೆಕ್ಯೂರಿಟಿ ಹೆಂಗಸೂ ಡ್ಯೂಟಿ ಮುಗಿಸಿ ಬಂದು ಕೂರುತ್ತಿದ್ದಳು. "ಇದು ಬಲಿತಿಲ್ಲ ಅಜ್ಜಿ, ಮೋಸ ಹೋಗಿದೀರ" ಎಂದು ಅಕ್ಕನಿಗೇ ಬುದ್ಧಿ ಹೇಳುತ್ತಿದ್ದಳು!

ಇವತ್ತು ಸಂಜೆ ಅನ್ನ, ತಿಳಿಸಾರು, ಶಾವಿಗೆ ಪಾಯಸ ಎಲ್ಲ ಸಿದ್ಧ. ಅಳಿಯ ಎಲೆ ಹಾಕಿಯೂ ಆಗಿತ್ತು. ಅಕ್ಕನೇ ನಾಪತ್ತೆ! ಯಜಮಾನರಿಗೆ ಹಸಿವು, ಕೋಪ. "ಇಂಥ ದಿನ ಎಲ್ಲಿಗೆ ಹೋದ್ರು ಇವ್ರು?"

ದೀಪ ಹಚ್ಚುವ ಹೊತ್ತಿಗೆ ಗೇಟು ಸದ್ದಾಯಿತು. ಅಕ್ಕನ ಹಿಂದೆ, ಸೆರಗು ಹೊದ್ದು ಮುದುಡಿಕೊಂಡು, ಆ ಸೊರಬದ ಹುಡುಗಿ. ಅವಳ ಮಗು ಇನ್ನೂ ಆಸ್ಪತ್ರೆಯ ಪೆಟ್ಟಿಗೆಯಲ್ಲೇ ಇದೆ.

"ಇನ್ನು ಒಳಗೆ ಬಿಡೋದು ಬೆಳಿಗ್ಗೆನೇ. ಬೆಂಚಿನ ಮೇಲೆ ಒಬ್ಳೇ ಕೂತಿದ್ಲು. ಇನ್ನೊಂದು ಎಲೆ ಹಾಕು" ಅಂದಳು ಅಕ್ಕ.

ತನ್ನ ಮಡಿಲು ಖಾಲಿಯಿರುವಾಗ ಈ ತೊಟ್ಟಿಲು ನೋಡಿ ಆಕೆಗೆ ಏನನ್ನಿಸೀತು? ಆಕೆ ಬಾಗಿಲಲ್ಲೇ ನಿಂತಿದ್ದಳು. ಮಗಳು ಎದ್ದು ಹೋಗಿ ಅವಳ ಕೈ ಹಿಡಿದಳು. ಇಬ್ಬರೂ ಆಸ್ಪತ್ರೆಯಲ್ಲಿ ಕಲಿತಂತೆ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದರು. ಆಮೇಲೆ ಮಗಳು ಕೂಸನ್ನು ಎತ್ತಿ ಅವಳ ಮಡಿಲಲ್ಲಿ ಇಟ್ಟಳು.

ಆಕೆ ಒಂದೇ ಬೆರಳಿನಿಂದ ಕೂಸಿನ ಅಂಗಾಲು ಮುಟ್ಟಿದಳು. ಕೂಸು ಕಾಲು ಎಳೆದುಕೊಂಡಿತು. "ಬೆಚ್ಚಗಿದೆ ಅಕ್ಕಾ" ಅಂದಳು ನನ್ನ ಮಗಳಿಗೆ. ನಮ್ಮ ಯಜಮಾನರು ಕೋಪ ಮರೆತು, ತಮ್ಮ ಎಲೆಯ ಪಕ್ಕದಲ್ಲಿ ತಾವೇ ಇನ್ನೊಂದು ಎಲೆ ಹಾಕಿದರು.

ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ಎಲ್ಲರೂ ಸಾಲಾಗಿ ಕೂತರು. ನಾನು ಬಡಿಸುತ್ತಾ ಹೋದೆ. ಆ ಹುಡುಗಿ ಮೊದಲು ಅನ್ನವನ್ನು ಕೆದಕುತ್ತಾ ಇದ್ದಳು. ಆಮೇಲೆ ಒಂದು ತುತ್ತು, ಇನ್ನೊಂದು ತುತ್ತು. ಯಾರೂ ಅವಳ ಕಡೆ ನೋಡಲಿಲ್ಲ, ನೋಡದ ಹಾಗೆ ಎಲ್ಲರೂ ನೋಡುತ್ತಿದ್ದೆವು. ಸ್ವಲ್ಪ ಹೊತ್ತಿಗೆ ತಲೆ ತಗ್ಗಿಸಿಕೊಂಡೇ ಮೆಲ್ಲಗೆ ಕೇಳಿದಳು:

"ಅಮ್ಮಾ, ಇನ್ನೊಂಚೂರು ಅನ್ನ ಹಾಕ್ತೀರಾ?"